ಚಲುವರಾಜು ಬರೆದ ಕೆನ್ನೆ

ನಮ್ಮ ಜಿಲ್ಲೆಯ ಒಂದು ದಿನಪತ್ರಿಕೆಯ ಮೊದಲ ಪುಟದಲ್ಲಿ, ಎಡಗಡೆ ಕೆಳಗೆ, ಅಂಗೈಯಗಲದ ಒಂದು ಚೌಕ ಇರುತ್ತದೆ. ಅದರಲ್ಲಿ ದಿನವೂ ಒಬ್ಬ ರಾಜಕಾರಣಿ ಸಿಕ್ಕಿಬಿದ್ದಿರುತ್ತಾನೆ. ಹಿಡಿದು ಹಾಕುವವನು ಪಾಂಡವಪುರದ ಚಲುವರಾಜು. ಅದೇ ಪತ್ರಿಕೆಗೆ ವಾರಕ್ಕೊಮ್ಮೆ ನಾನು ಹಾಸ್ಯ ಅಂತ ಏನೋ ಬರೆಯುತ್ತೇನೆ. ಓದುಗರು ಚಲುವರಾಜುವಿನ ಚೌಕ ನೋಡಿ ನಗುತ್ತಾರೆ. ನನ್ನದನ್ನು ಓದಿ, ಇದು ಯಾವ ಊರಿನ ಸಮಸ್ಯೆ ಅಂತ ಕಚೇರಿಗೆ ಫೋನು ಮಾಡಿ ವಿಚಾರಿಸುತ್ತಾರೆ. ಒಂದೇ ಊರಿನವರು, ಒಂದೇ ಪತ್ರಿಕೆಯವರು, ಅದಕ್ಕಿಂತ ಹೆಚ್ಚಾಗಿ ಬೇರೆ ಯಾರೂ ಮಾತಾಡಿಸದವರು ಎಂಬ ಕಾರಣಕ್ಕೆ ನಾವಿಬ್ಬರೂ ಸ್ನೇಹಿತರು. ನನ್ನನ್ನು ಜನ ಮಾತಾಡಿಸದಿರುವುದು, ಶುರು ಮಾಡಿದರೆ ನಿಲ್ಲಿಸುವುದಿಲ್ಲವೆಂದು. ಅವನನ್ನು ಮಾತಾಡಿಸದಿರುವುದು, ಅವನು ಸುಮ್ಮನೆ ನೋಡುತ್ತಾನೆಂದು.

ಅವನ ಉದ್ಯೋಗಕ್ಕೆ ಬೇಕಾದ್ದು ಕರಿ ಶಾಯಿ, ಒಂದು ಬ್ರಷ್ಷು, ಡ್ರಾಯಿಂಗ್ ಹಾಳೆ, ಮಹಡಿಮನೆಯ ಕಿಟಕಿಯ ಬೆಳಕು. ಬರೆದು ಮುಗಿಸಿ, ಮೊಬೈಲಿನಲ್ಲಿ ಫೋಟೊ ಹೊಡೆದು ವಾಟ್ಸಾಪಿನಲ್ಲಿ ಕಚೇರಿಗೆ ಕಳಿಸಿದರೆ ಅವತ್ತಿನ ಕೆಲಸ ಮುಗಿಯಿತು. ಹೀಗಾಗಿ ಕಚೇರಿಯ ಹೊಸಬರಲ್ಲಿ ಅನೇಕರು ಅವನ ಮುಖವನ್ನೇ ನೋಡಿಲ್ಲ. ದಿನವಿಡೀ ಅವನ ಮನೆಯಲ್ಲಿ ಕೇಳಿಸುವುದು ಬ್ರಷ್ಷನ್ನು ನೀರಿನ ಲೋಟಕ್ಕೆ ಬಡಿಯುವ ಸದ್ದು. ಕುಕ್ಕರು ಕೂಗಿದರೆ ನೆಂಟರು ಬಂದಷ್ಟು ಗಲಾಟೆ.

ಅವನಿಗೆ ಒಂದು ಪದ್ಧತಿ. ಫೋಟೊ ನೋಡಿ ಬರೆಯುವುದಿಲ್ಲ. ಭಾಷಣ ಮಾಡುವಾಗಲೂ ನೋಡಿ ಬರೆಯುವುದಿಲ್ಲ. “ಮೈಕ್ ಮುಂದೆ ನಿಂತೋನು ಬ್ಯಾರೆಯೋರ ಮುಖ ಹಾಕ್ಕಂಡಿರ್ತಾನೆ ಕಣ್ಲಾ. ಎಲೆ ಮುಂದೆ ಕುಂತಾಗ ಅವ್ನದು ಅವನಿಗೆ ಬತ್ತದೆ” ಅನ್ನುತ್ತಾನೆ. ಎಲೆ ಮುಂದೆ ನಾಯಕರು ಸಿಗುವ ಜಾಗ ನಮ್ಮ ಕಡೆ ಒಂದೇ, ಬೀಗರೂಟ. ಮದುವೆ ಮುಗಿದ ಮೇಲೆ ಬೀಗರಿಗೆಂದು ಹಾಕುವ ಆ ಬಾಡೂಟಕ್ಕೆ, ಧಾರೆಗೆ ಬರಲಾಗದ ನಾಯಕನೂ ಕಾರು ತಿರುಗಿಸಿಕೊಂಡು ಬರುತ್ತಾನೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಚೌಲ್ಟ್ರಿಯಲ್ಲಿ ಬೀಗರೂಟವಾದರೂ ಚಲುವರಾಜು ಹೋಗಿ ನಾಯಕರ ಎದುರು ಎಲೆಯಲ್ಲಿ ಕೂರುತ್ತಿದ್ದ. ಒಬ್ಬರು ತಿನ್ನುತ್ತ ತಿನ್ನುತ್ತ ಪಕ್ಕದ ಎಲೆಯ ತುಂಡು ಎಣಿಸುತ್ತಾರೆ. ಇನ್ನೊಬ್ಬರು ಮೂಳೆಗಳನ್ನು ಪಕ್ಕದವನ ಎಲೆಯ ಕಡೆ ಮೆಲ್ಲಗೆ ಸರಿಸುತ್ತಾರೆ. ಮಾರನೆಯ ದಿನ ಚೌಕದಲ್ಲಿ ಅದೇ ಮುಖ, ಅದೇ ಕೈ. ಎಲೆಯ ಬದಲಿಗೆ ಬಜೆಟ್ಟೋ ಕೆರೆ ಹೂಳೆತ್ತುವ ಟೆಂಡರೋ ಇರುತ್ತಿತ್ತು.

ಜನಕ್ಕೆ ಇದು ಗೊತ್ತಾಗಲು ಎಷ್ಟು ಕಾಲ ಬೇಕು? ಮೊದಲು ನಾಯಕರು ಜಾಗ ಬದಲಿಸಿದರು, ಆಮೇಲೆ ಹಿಂಬಾಲಕರು. ಕೊನೆಗೆ ಯಾವ ಚಿತ್ರಕ್ಕೂ ಯೋಗ್ಯರಲ್ಲದ ಸಾಮಾನ್ಯರೂ ಅವನ ಎದುರು ಕೂರಲು ಹಿಂಜರಿದರು. ಮದುವೆಯ ಕಾರ್ಡು ಬರುತ್ತಿತ್ತು. ಕರೆಯುವ ಬಾಯಿ ಬರುತ್ತಿರಲಿಲ್ಲ. ನಮ್ಮ ಕಡೆ ಬಾಯಿಯಿಲ್ಲದ ಕಾರ್ಡು ಅಂದರೆ ಬಾಡಿಲ್ಲದ ಬೀಗರೂಟ. ಅವನು ಆದರೂ ಹೋಗುತ್ತಿದ್ದ, ಆದರೆ ಬಡಿಸುವವರು ಅವನನ್ನು ಕೊನೆಯ ಸಾಲಿಗೆ, ಕೈ ತೊಳೆಯುವ ನಲ್ಲಿಯ ಹತ್ತಿರಕ್ಕೆ ಕರೆದೊಯ್ದು ಕೂರಿಸುವುದು ವಾಡಿಕೆಯಾಯಿತು.

ಅವನು ಮದುವೆ ಆಗಲೇ ಇಲ್ಲ. ಒಮ್ಮೆ ಕೆ.ಆರ್. ಪೇಟೆಗೆ ಹೆಣ್ಣು ನೋಡಲು ಹೋಗಿದ್ದೆವು. ಉಪ್ಪಿಟ್ಟು ಬರುವ ತನಕ ಸುಮ್ಮನೆ ಕೂರಲಾರದೆ, ಅಲ್ಲಿ ಬಿದ್ದಿದ್ದ ಕಾಗದದ ಮೇಲೆ ಹುಡುಗಿಯ ಅಪ್ಪನನ್ನು ಬರೆದ. ಬಹಳ ಚೆನ್ನಾಗಿ ಬಂತು. ತೊಂದರೆಯಾದದ್ದೇ ಅದರಿಂದ. ಅದನ್ನು ನೋಡಿ ಹುಡುಗಿ ನಕ್ಕುಬಿಟ್ಟಳು; ಅಪ್ಪ ಒಳಗೆ ಹೋಗಿ ಕನ್ನಡಿಯಲ್ಲಿ ಕಿವಿ ನೋಡಿಕೊಂಡು ಬಂದವರು ಮತ್ತೆ ಮಾತಾಡಲಿಲ್ಲ. ಸಂಬಂಧ ಉಪ್ಪಿಟ್ಟಿಗೂ ಮೊದಲೇ ಮುರಿಯಿತು. ಉಪ್ಪಿಟ್ಟು ಮಾತ್ರ ನಾನು ತಿಂದು ಬಂದೆ.

ಅವನಿಗೆ ತನ್ನವರೆಂದರೆ ದೇವಲಾಪುರದ ಕಡೆಯ ಹಳ್ಳಿಗೆ ಕೊಟ್ಟಿರುವ ತಂಗಿ ಇಂದ್ರಮ್ಮ ಮತ್ತು ಅವಳ ಮಗಳು ರಮ್ಯ. ರಮ್ಯ ಪುಟ್ಟವಳಿದ್ದಾಗ ರಜೆಗೆ ಬಂದು ಮಾವನ ಪಕ್ಕದಲ್ಲೇ ಕೂತು ಮಂತ್ರಿಗಳಿಗೆಲ್ಲ ಮೀಸೆ ಹಾಕಿಕೊಡುತ್ತಿದ್ದಳಂತೆ. ಅವಳ ಮದುವೆ ನಿಶ್ಚಯವಾದಾಗ ಚಲುವರಾಜು ಹೊಸ ಪಂಚೆ ತಂದು ಉಟ್ಟು, ನನ್ನ ಮುಂದೆ ನಡೆದು ತೋರಿಸಿದ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಧಾರೆ ಮಂಟಪಕ್ಕೆ ಕರೆತರುವವನು ಸೋದರಮಾವ. “ಅವತ್ತೊಂದಿನ ಎಲ್ರೂ ನನ್ನ ನೋಡ್ತಾರೆ ಕಣ್ಲಾ ಕಿಟ್ಟಿ. ನಾ ಯಾರನ್ನೂ ನೋಡಂಗಿಲ್ಲ” ಅಂದ. ಇಷ್ಟು ವರ್ಷದಲ್ಲಿ ಅವನು ಯಾವುದಕ್ಕಾದರೂ ಆಸೆಪಟ್ಟದ್ದನ್ನು ನಾನು ನೋಡಿದ್ದು ಅದೊಂದನ್ನೇ.

ಅದೇ ಸುಮಾರಿಗೆ ನಾಗಾರ್ಜುನ ಎಂಬ ಹೊಸ ನಾಯಕರು ನಾಗಮಂಗಲದ ಕಡೆ ಓಡಾಡಲು ಶುರುಮಾಡಿದ್ದರು. ಬೆಂಗಳೂರಿನಲ್ಲಿ ಲೇಔಟು ಮಾಡಿದವರು. ಈಗ ಕಂಬಕ್ಕೊಂದು ಫ್ಲೆಕ್ಸಿನಲ್ಲಿ ಕೈಮುಗಿದು ‘ನಿಮ್ಮ ಮನೆಮಗ’ ಆಗಿದ್ದರು. ಒಂದು ಬೀಗರೂಟದಲ್ಲಿ ಅವರು ಉಣ್ಣುವುದನ್ನು ಚಲುವರಾಜು ನೋಡಿದ. ಮಾರನೆಯ ದಿನದ ಚೌಕದಲ್ಲಿ ಹಿಂದೆ ‘ನಿಮ್ಮ ಮನೆಮಗ’ ಫ್ಲೆಕ್ಸು, ಮುಂದೆ ಮುರಿದ ಮುದ್ದೆ, ಅದರ ಮುಂದೆ ಬಲಗೆನ್ನೆ ಉಬ್ಬಿಸಿಕೊಂಡು ಕೂತ ನಾಗಾರ್ಜುನ. ಒಂದಕ್ಷರ ಮಾತಿಲ್ಲ. ಬೇಕಾಗಿಯೂ ಇರಲಿಲ್ಲ. ಮುದ್ದೆಯನ್ನು ನುಂಗಬೇಕು. ಅಗಿಯುವವನು ನಮ್ಮವನಲ್ಲ, ಇದು ಮಂಡ್ಯ ಸೀಮೆಯ ಕೂಸಿಗೂ ಗೊತ್ತು. ನಾಯಕರು ಕೆರೆಯನ್ನೇ ನುಂಗಿದ್ದಾರೆ ಅಂತ ಬರೆದಿದ್ದರೆ ಅವರ ಕಡೆಯವರು ಹೆಮ್ಮೆಯಿಂದ ಹಂಚುತ್ತಿದ್ದರೇನೋ. ಮುದ್ದೆ ಅಗಿದರು ಅಂದದ್ದು ಮರ್ಮಕ್ಕೆ ತಾಗಿತು. ಸಂಜೆಯೊಳಗೆ ಆ ಕೆನ್ನೆ ಜಿಲ್ಲೆಯ ಮೊಬೈಲುಗಳನ್ನೆಲ್ಲ ಸುತ್ತಿತ್ತು.

ಗ್ರಹಚಾರವೆಂದರೆ, ರಮ್ಯಳನ್ನು ಮದುವೆಯಾಗುವ ಹುಡುಗ ಕುಮಾರನ ಅಪ್ಪ ಸಿದ್ದರಾಜು, ನಾಗಾರ್ಜುನರ ಬಲಗೈ.

ಇಂದ್ರಮ್ಮ ಬೆಳಗಿನ ಬಸ್ಸಿಗೇ ಬಂದಳು. ನಾನೂ ಅಲ್ಲೇ ಇದ್ದೆ, ಬೇರೆಲ್ಲಿರಲಿ?

“ಏನಣ್ಣಯ್ಯ ಇಂಗ್ ಮಾಡ್ಬುಟ್ಟೆ? ನಿಂಗೆ ಆ ಕೆನ್ನೆ ಬುಟ್ರೆ ಬ್ಯಾರೆ ಕೆನ್ನೆ ಸಿಗ್ನಿಲ್ವಾ?”

“ಕಂಡುದ್ದು ಬರ್ದೆ ಕಣವ್ವ.”

“ಬೀಗ್ರು ಖಡಾಖಂಡಿತ ಯೋಳವ್ರೆ. ತೆಪ್ಪಾಯ್ತು ಅಂತ ಪೇಪರ್ನಾಗೆ ಇನ್ನೊಂದು ಬರೀಲಿ, ಇಲ್ದೋದ್ರೆ ಆವಯ್ಯ ಮಂಟಪದ ತಾವು ಬರಂಗಿಲ್ಲ ಅಂತ. ನಾಗಾರ್ಜುನಣ್ಣ ಧಾರೆಗೆ ಬತ್ತಾವ್ರಂತೆ. ಅವ್ರ ಮುಂದೆ ಬೀಗ್ರ ಮಕ ಏನಾಗ್ಬೇಕು?”

“ಮುದ್ದೆ ಅಗ್ದೋರ್ನ ನುಂಗುದ್ರು ಅಂತ ಎಂಗ್ ಬರೀಲಿ ಇಂದ್ರಿ?”

“ನಿಂಗೆ ಸೊಸೆ ಮುಖ್ಯವೋ ಮುದ್ದೆ ಮುಖ್ಯವೋ?” ಎಂದು ಇಂದ್ರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿದಳು. “ಕಿಟ್ಟಣ್ಣ, ನೀವಾದ್ರೂ ಬುದ್ಧಿ ಯೋಳಿ.” ನನ್ನ ಬುದ್ಧಿಯನ್ನು ಯಾರಾದರೂ ಕೇಳಿದ್ದು ಬಹಳ ದಿನದ ಮೇಲೆ. ಆ ಉತ್ಸಾಹದಲ್ಲಿ, ನಾವೇ ಹೋಗಿ ಬೀಗರ ಹತ್ತಿರ ಮಾತಾಡುತ್ತೇವೆ ಎಂದುಬಿಟ್ಟೆ.

ಹೋದೆವು. ಸಿದ್ದರಾಜು ಜಗಲಿಯಲ್ಲಿ ಕೂತು ಹಾಲಿನ ಕ್ಯಾನು ತೊಳೆಸುತ್ತಿದ್ದರು. ನಾನು ಹಾಸ್ಯವೆಂದರೆ ಏನು, ಪ್ರಜಾಪ್ರಭುತ್ವದಲ್ಲಿ ಅದರ ಪಾತ್ರವೇನು ಎಂದು ವಿವರಿಸಿದೆ. ಅವರ ಎಮ್ಮೆ ಕೂಡ ಅತ್ತ ತಿರುಗಿತು. ನಾನು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಸಿದ್ದರಾಜು ಚಲುವರಾಜುವನ್ನು ಕೇಳಿದರು:

“ಅವತ್ತು ನೀವು ಎಲ್ ಕುಂತಿದ್ರಿ?”

“ಕೊನೇ ಸಾಲು. ಕಂಬದ ಮಗ್ಗುಲಿಗೆ.”

“ನಾ ಎದ್ರೆಲೇಲಿ ಕುಂತಿದ್ದೆ ಕಣಯ್ಯ. ಮುದ್ದೆ ಗುಳುಂ ಗುಳುಂ ಅಂತ ನುಂಗುದ್ರು. ಕೆನ್ನೇಲಿದ್ದುದ್ದು ಬಾಡು. ಮುದಿ ಟಗರು, ಟೈರ್ ಇದ್ದಂಗಿತ್ತು. ಅಗ್ದೂ ಅಗ್ದೂ ಸಾಕಾಗಿ ಅತ್ತಗೆ ಒತ್ತರಿಸ್ಕಂಡಿದ್ರು. ಉಗ್ಯಾಕಾದದಾ? ಊಟ ಹಾಕ್ಸಿದೋರು ಎದ್ರಿಗೇ ಕೈಮುಕ್ಕಂಡು ನಿಂತವ್ರೆ!”

ಚಲುವರಾಜು ತನ್ನ ಬಲಗೆನ್ನೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ, “ಏಳೋವಾಗ ಕರ್ಚೀಫ್ ಬಾಯ್ಗೆ ಹಿಡ್ದಿದ್ರು, ಅಲ್ವಾ?” ಎಂದ.

“ಅದರಲ್ಲೇ ಉಗುದ್ರು. ನೀವೂ ನೋಡಿದ್ರಾ?”

“ಕರ್ಚೀಫ್ ನೋಡ್ದೆ. ಯಾಕೆ ಅಂತ ಗೊತ್ತಾಗ್ನಿಲ್ಲ.”

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ನಾಗಮಂಗಲ ದಾಟಿದ ಮೇಲೆ ಮೆಲ್ಲಗೆ, “ತಪ್ಪು ಬರ್ದ್ಬುಟ್ಟಿವ್ನಿ ಕಣ್ಲಾ. ಎದ್ರಿಗೆ ಕುಂತಿದ್ರೆ ಗೊತ್ತಾಗದು. ಕಂಬ ಅಡ್ಡ ಇತ್ತು, ಮಿಕ್ಕಿದ್ದು ನಾನೇ ತುಂಬ್ಕಂಡೆ” ಅಂದ. ಎದುರಿಗೆ ಕೂರಿಸದವರ ಮೇಲೆ ಒಂದು ಮಾತೂ ಆಡಲಿಲ್ಲ. ನಾನು ಸಮಾಧಾನಕ್ಕೆ, ನಾನಂತೂ ಏನನ್ನೂ ನೋಡದೆಯೇ ಬರೆಯುತ್ತೇನಲ್ಲ ಎಂದೆ. ಅವನು ನಗಲಿಲ್ಲ.

ಮದುವೆಗೆ ಇನ್ನು ಎರಡೇ ದಿನ ಎನ್ನುವಾಗ ಹೊಸ ಚಿತ್ರ ಬಂತು. ಅದೇ ಊಟದ ಮನೆ. ಮುಂದುಗಡೆ ದಪ್ಪ ಕಂಬ; ಅದರ ಹಿಂದಿನಿಂದ ಕೊಕ್ಕರೆಯ ಹಾಗೆ ಕತ್ತು ಚಾಚಿ ಇಣುಕುತ್ತಿರುವ, ಕೈಯಲ್ಲಿ ಬ್ರಷ್ಷು ಹಿಡಿದ ಚಲುವರಾಜು. ತುಂಬ ದೂರದಲ್ಲಿ, ಬೆನ್ನಷ್ಟೇ ಕಾಣುವ ನಾಯಕರು. ಕೆಳಗೆ ಒಂದು ಸಾಲು: ‘ಅವರು ಅಗಿದದ್ದು ಬಾಡು. ಮುದ್ದೆ ಎಂದದ್ದು ನನ್ನ ತಪ್ಪು.’ ಅವನು ತನ್ನನ್ನು ತಾನು ಬರೆದುಕೊಂಡದ್ದು ಅದೇ ಮೊದಲು. ಮೂಗನ್ನು ಉದಾರವಾಗಿಯೇ ಬರೆದುಕೊಂಡಿದ್ದ.

ಅವತ್ತು ಬೆಳಗ್ಗೆ ದೇವಯ್ಯನ ಟೀ ಅಂಗಡಿಗೆ ನಾವು ಹೋದಾಗ ಪತ್ರಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ನಾವು ಬಂದದ್ದು ಕಾಣದೆ ಒಬ್ಬ ಜೋರಾಗಿ ಹೇಳುತ್ತಿದ್ದ: “ನೋಡ್ಲಾ, ಸೊಸೆ ಮದ್ವೆ ಬತ್ತಿದ್ದಂಗೆ ಕೆನ್ನೆ ಇಳ್ದೋಯ್ತು!”

“ಬಾವು ಬಂದಿತ್ತೇನೋ ಬುಡ್ಲಾ, ಬೀಗ್ರು ಔಸ್ದಿ ಕೊಟ್ಟವ್ರೆ” ಎಂದ ಇನ್ನೊಬ್ಬ.

“ಏಯ್ ಸುಮ್ಕಿರ್ರಲಾ” ಎಂದು ದೇವಯ್ಯ ಗದರಿಸಿದ. ಚಲುವರಾಜು ಟೀ ಮುಗಿಸಿ, ಲೋಟ ಇಟ್ಟು, ಮನೆಗೆ ಬಂದ. ಅಷ್ಟರಲ್ಲಿ ಇಂದ್ರಮ್ಮನ ಫೋನು. ಅವಳ ದನಿ ನನಗೂ ಕೇಳುತ್ತಿತ್ತು.

“ಅಣ್ಣಯ್ಯ, ಬೀಗ್ರು ಒಪ್ಕಂಡ್ರು! ‘ನಿಮ್ಮಣ್ಣ ದೊಡ್ಡ ಮನ್ಸ’ ಅಂದ್ರು. ನಾಳೆ ಸಂಜಿಕ್ಕೇ ಬಂದ್ಬುಡು. ರಮ್ಯ ಬಳೆ ತೊಟ್ಕಂಡು ನಿನ್ನೇ ಕಾಯ್ತಾವ್ಳೆ.”

“ನಾ ಬರಾಕಿಲ್ಲ ಇಂದ್ರಿ.”

“ಯಾಕಣ್ಣಯ್ಯ?”

“ನಾ ತಪ್ಪಾಗದೆ ಅಂತ ಬರ್ದಿದ್ದು ದಿಟವಾಗ್ಲೂ ತಪ್ಪಾಗಿದ್ದುಕ್ಕೆ. ಈಗ ಬಂದು ಮಂಟಪದಲ್ಲಿ ನಿಂತ್ರೆ, ಜಾಗಕ್ಕೋಸ್ಕರ ಬರ್ದ ಅಂತದೆ ಜನ. ನಾಳಿಕ್ಕೆ ನಾ ಯಾರ ಕೆನ್ನೆ ಬರುದ್ರೂ, ಇದು ಯಾರ ಮನೆ ಮದ್ವೆದು ಅಂತ ಕೇಳ್ತಾರೆ. ಬರ್ದುದ್ನ ಜನ ನಂಬ್ತಾರಲ್ಲ, ನನ್ ತಾವು ಇರದು ಅದೊಂದೇ ಕಣವ್ವ.”

“ಅದೊಂದೇನಾ?” ಎಂದಳು ಇಂದ್ರಮ್ಮ. “ನಾವ್ ಯಾರೂ ಇಲ್ವಾ?” ಫೋನು ಕಟ್ಟಾಯಿತು.

ನಾನು ಬಹಳ ಹೇಳಿದೆ. ಜನ ಏನಾದರೂ ಅಂದುಕೊಳ್ಳಲಿ, ನಾಲ್ಕು ದಿನಕ್ಕೆ ಮರೆಯುತ್ತಾರೆ, ನನ್ನ ಲೇಖನವನ್ನು ಅದೇ ದಿನವೇ ಮರೆಯುವುದಿಲ್ಲವೇ ಎಂದೆ. ಅವನು ಬ್ರಷ್ಷು ತೊಳೆಯುತ್ತಿದ್ದ. “ನೀ ಓಗು. ನನ್ ಬದ್ಲು ನೋಡ್ಕಂಬಾ” ಅಂದ.

ಧಾರೆ ನಾಗಮಂಗಲದ ಚೌಲ್ಟ್ರಿಯಲ್ಲಿ. ರಮ್ಯಳ ಕೈಹಿಡಿದು ಮಂಟಪಕ್ಕೆ ಕರೆತಂದವನು ಇಂದ್ರಮ್ಮನ ದೊಡ್ಡಪ್ಪನ ಮಗ ಸಣ್ಣಯ್ಯ. ನಾಗಾರ್ಜುನರು ಬಂದು, ಅಕ್ಷತೆ ಹಾಕಿ, “ಎಲ್ರೀ ನಮ್ಮ ಆರ್ಟಿಸ್ಟು?” ಎಂದು ನಕ್ಕರು. ಸಿದ್ದರಾಜು ಅತ್ತಿತ್ತ ನೋಡಿದರು. ಫೋಟೊಗೆ ನಿಂತಾಗ ರಮ್ಯ ನನ್ನನ್ನು ಕೇಳಿದಳು.

“ಮಾವನಿಗೆ ಏನಂತೆ?”

“ಜ್ವರ ಕಣವ್ವ” ಎಂದೆ. ಹಾಸ್ಯ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಸುಳ್ಳು ಹೊಳೆಯಲಿಲ್ಲ.

“ಫೋನ್ ಎತ್ತಕೂ ಆಗದಂಥ ಜ್ವರವಾ?” ಎಂದವಳು ಕ್ಯಾಮೆರಾ ಕಡೆ ತಿರುಗಿ ನಕ್ಕಳು, ಫೋಟೊದವರು ನಗು ಎಂದು ಕೂಗುತ್ತಿದ್ದರಲ್ಲ.

ಹೊರಡುವಾಗ ಇಂದ್ರಮ್ಮ ನನ್ನ ಕೈಗೆ ತಾಂಬೂಲದ ಚೀಲ ಕೊಟ್ಟಳು. ಒಂದೇ. ಇನ್ನೊಂದು ಕೊಡುತ್ತಾಳೇನೋ ಎಂದು ಬೇಕೆಂದೇ ಚಪ್ಪಲಿ ಹುಡುಕುತ್ತ ನಿಂತೆ. ಅವಳು ಬೇರೆ ನೆಂಟರ ಕಡೆ ಹೋದಳು.

ಸಂಜೆ ಹೋದಾಗ ಚಲುವರಾಜು ಅವತ್ತಿನ ಚಿತ್ರ ಕಳಿಸಿ ಮುಗಿಸಿ ಸುಮ್ಮನೆ ಕೂತಿದ್ದ. ಹೊಸ ಪಂಚೆ ಉಟ್ಟಿದ್ದ. ನಾನು ಅದನ್ನು ಗಮನಿಸದವನಂತೆ ನಟಿಸಿದೆ.

“ಯಾರ್ ಕರ್ಕಂಬಂದ್ರು?” ಎಂದು ಕೇಳಿದ.

“ಸಣ್ಣಯ್ಯ.”

“ಅವನಾ... ಮೆಟ್ಲು ಅತ್ತೋವಾಗ ಕೈ ಗಟ್ಟಿಯಾಗಿ ಹಿಡ್ದಿದ್ನಾ? ಆ ಮಗ ಸೀರೆ ಎಡವ್ತದೆ.”

“ಗಟ್ಟಿಯಾಗೇ ಹಿಡಿದಿದ್ದ ಕಣೋ.”

ಚೀಲವನ್ನು ಮುಂದಿಟ್ಟು, “ಇಂದ್ರಮ್ಮ ಕೊಟ್ಟವ್ಳೆ, ನಿಂಗೆ” ಎಂದೆ. ಅವನು ಚೀಲವನ್ನು ನೋಡಿದ, ನನ್ನನ್ನು ನೋಡಿದ. ಅವನ ನೋಟದ ಮುಂದೆ ನಾಯಕರು ಯಾಕೆ ಜಾಗ ಬದಲಿಸುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು.

“ನಿಂದೆಲ್ಲಿ?”

“ಬಸ್ಸಲ್ಲೇ ಮರ್ತ್ ಬಂದೆ.”

“ಊಂ” ಎಂದು ಎದ್ದ. ಅಡಿಗೆಮನೆಯಿಂದ ಕತ್ತಿ ತಂದು, ಚೀಲದ ಕಾಯಿ ತೆಗೆದು, ಬಾಗಿಲ ಮೆಟ್ಟಿಲ ಮೇಲೆ ಕೂತು ಒಡೆದ. ಒಂದು ಹೋಳನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಮಡಿಲಲ್ಲಿಟ್ಟುಕೊಂಡ.

“ಈಗ ಯೋಳು” ಅಂದ. “ಮೊದ್ಲಿಂದ. ರಮ್ಯ ಯಾವ ಬಣ್ಣದ ಸೀರೆ ಉಟ್ಟಿದ್ಲು?”