ಹೆಡ್‌ಮಾಸ್ತರನ ತಾಳ

ಸುಬ್ಬರಾಯರು ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೀಟರುಗಳು ಸರಿಯಾಗಿ ತೋರಿಸುತ್ತವೆಯೇ ಎಂದು ಪರೀಕ್ಷಿಸುತ್ತಿದ್ದರು. ಅವರ ರುಜು ಬೀಳದೆ ಒಂದು ಗಡಿಯಾರವೂ ಗೋಡೆ ಏರುತ್ತಿರಲಿಲ್ಲ. ಆ ಹಮ್ಮನ್ನು ಮನೆಗೂ ಹೊತ್ತು ತಂದರು ನೋಡಿ, ಅದೇ ಮುಳುವಾಯಿತು.

ಅವರಿಗಿದ್ದ ಒಂದೇ ಹುಚ್ಚು ಪಾಶ್ಚಾತ್ಯ ಸಂಗೀತದ ಒಂದು ಸಿಂಫನಿ. ಅದೊಂದನ್ನೇ ಬೇರೆ ಬೇರೆ ವಾದ್ಯವೃಂದ ನಿರ್ದೇಶಕರು ನುಡಿಸಿದ ಕ್ಯಾಸೆಟ್‌ಗಳನ್ನು ಕೋಠಿ ಪೇಟೆಯಲ್ಲಿ ಹೆಕ್ಕಿ ತಂದು, ಭಾನುವಾರ ಉಪ್ಪಲ್‌ನ ಮನೆಯಲ್ಲಿ ಗೆಳೆಯ ಸೂರ್ಯನಾರಾಯಣರ ಜೊತೆ ಕೂತು ಹೋಲಿಸುತ್ತಿದ್ದರು. ಸೂರ್ಯನಾರಾಯಣರು ಅದೇ ಕಾರ್ಖಾನೆಯ ಮೆಷಿನ್ ಶಾಪಿನವರು. ಇಬ್ಬರೂ ಸೇರಿ ಒಬ್ಬ ನಿರ್ದೇಶಕನಿಗೆ ‘ಗಡಿಬಿಡಿರಾಯ’, ಇನ್ನೊಬ್ಬನಿಗೆ ‘ಹೆಡ್‌ಮಾಸ್ತರ’ ಎಂದು ಹೆಸರಿಟ್ಟಿದ್ದರು. ಗಡಿಬಿಡಿರಾಯನೇ ಹದ ಬಲ್ಲವನು, ಹೆಡ್‌ಮಾಸ್ತರ ಎರಡನೇ ಭಾಗವನ್ನು ಎಳೆದೆಳೆದು ಕೊಲ್ಲುತ್ತಾನೆ ಎಂಬುದು ಸುಬ್ಬರಾಯರ ತೀರ್ಪು. ಸೂರ್ಯನಾರಾಯಣರು ಟೀಪಾಯಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಸಂಗೀತಕ್ಕಿಂತ ಮುಂದೆ ಹೋಗುತ್ತಿದ್ದರು.

“ಹೆಡ್‌ಮಾಸ್ತರ ನಿಧಾನ ಇಲ್ಲೋ. ನಿನ್ನ ಟೇಪ್‌ರೆಕಾರ್ಡರ್ ನಿಧಾನ ಓಡಾಕತ್ತೈತಿ. ಶ್ರುತಿನೂ ಇಳದೈತಿ,” ಎಂದರು ಒಂದು ದಿನ.

“ಕಾರ್ಖಾನಿ ಗಡಿಯಾರೆಲ್ಲಾ ಸರಿ ಮಾಡಾಂವ ನಾನು,” ಎಂದು ಸುಬ್ಬರಾಯರು ಸಿಡುಕಿದರು. “ಮೆಷಿನ್ ಸಪ್ಪಳದಾಗ ನಿನ್ನ ಕಿವಿ ಹೋಗ್ಯಾವ. ನಿನಗೇನ್ ತಿಳೀತೈತಿ?”

ಸೂರ್ಯನಾರಾಯಣರ ಒಂದು ಕಿವಿ ನಿಜಕ್ಕೂ ಮಂದವಾಗಿತ್ತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದವರು ಮತ್ತೆ ಬರಲಿಲ್ಲ. ಸುಬ್ಬರಾಯರೂ ಕರೆಯಲಿಲ್ಲ. ಎರಡು ವರ್ಷಕ್ಕೆ ಸೂರ್ಯನಾರಾಯಣರು ಎದೆನೋವಿನಿಂದ ತೀರಿಕೊಂಡರು.

ಅಂದಿನಿಂದ ಎರಡನೇ ಭಾಗ ಶುರುವಾದರೆ ಸಾಕು, ಸುಬ್ಬರಾಯರಿಗೆ ಟೀಪಾಯಿಯ ಮೇಲೆ ಗೆಳೆಯನ ಬೆರಳು ಕೇಳಿಸುತ್ತಿತ್ತು. ಟಕ್, ಟಕ್, ಸಂಗೀತಕ್ಕಿಂತ ಮುಂದೆ. ಟೀಪಾಯಿಯನ್ನು ಒಳಕೋಣೆಗೆ ಹಾಕಿದರೂ ಬೆರಳು ನಿಲ್ಲಲಿಲ್ಲ. ಹಾಡುಹಗಲಲ್ಲೇ ಹೆದರಿ ಸಿಂಫನಿ ಕೇಳುವುದನ್ನೇ ಬಿಟ್ಟರು.

ಹೈಟೆಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ ಮಗಳು ಮಾನಸಾ, ಸಿ.ಡಿ. ಪ್ಲೇಯರಿನ ಜೊತೆ ಹೆಡ್‌ಮಾಸ್ತರನ ಅದೇ ಧ್ವನಿಮುದ್ರಣದ ಸಿ.ಡಿ. ತಂದಳು. ಅವಳ ಮನಸ್ಸು ನೋಯಿಸಲಾರದೆ ಕೂತರು. ಎರಡನೇ ಭಾಗ ಬಂತು. ಬೆರಳೂ ಬಂತು. ಈ ಸಲ ಅದು ಸಂಗೀತದ ಜೊತೆಜೊತೆಗೇ ಬಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹೆಡ್‌ಮಾಸ್ತರನಲ್ಲ, ಹಳೆಯ ಟೇಪ್‌ರೆಕಾರ್ಡರೇ ನಿಧಾನವಾಗಿತ್ತು. ಕಾರ್ಖಾನೆಯ ಸಾವಿರ ಯಂತ್ರ ಪರೀಕ್ಷಿಸಿದವರು ಮನೆಯ ಒಂದನ್ನು ಪರೀಕ್ಷಿಸಿರಲಿಲ್ಲ.

ಮರುದಿನ ಕಾಚಿಗೂಡದಲ್ಲಿದ್ದ ಗೆಳೆಯನ ಹೆಂಡತಿ ಕಮಲಾಕ್ಷಿಯ ಮುಂದೆ ಹೋಗಿ ನಿಂತರು. “ತಪ್ಪು ನಂದರಿ, ವೈನಿ. ಯಂತ್ರಾನ ನಿಧಾನ ಇತ್ತು.”

ಆಕೆ ಒಳಗಿನಿಂದ ಸಣ್ಣ ಪೊಟ್ಟಣ ತಂದುಕೊಟ್ಟರು. ಒಳಗೆ ಟೇಪ್‌ರೆಕಾರ್ಡರಿನ ಚಕ್ರ ತಿರುಗಿಸುವ ಹೊಸ ರಬ್ಬರ್ ಬೆಲ್ಟ್ ಇತ್ತು. “ಜಗಳಾದ ಮರುದಿನಾನ ತಂದಿದ್ರು. ‘ಹಳೇದು ಸಡಲಾಗೈತಿ, ಅಂವ ಬಂದ್ರ ಕೊಡತೀನಿ’ ಅಂತ ಭಾನುವಾರ ಬಾಗಿಲಾ ತೆರದು ಕೂಡತಿದ್ರು.”

ಸುಬ್ಬರಾಯರು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತರು.

ಅಂದಿನಿಂದ ಆ ಬೆರಳು ಕೇಳಿಸಿಲ್ಲ. ಕೇಳಿಸಲಿ ಎಂದು ಅವರು ಭಾನುವಾರಕ್ಕೊಮ್ಮೆ ಟೀಪಾಯಿಯನ್ನು ಹೊರಗೆ ತಂದಿಟ್ಟು, ಎರಡನೇ ಭಾಗ ಹಾಕಿ ಕಾಯುತ್ತಾರೆ.