ತೌಡಿನ ಕೂಸು

ಹೋದ ತಿಂಗಳು ಮರಳವಾಡಿಯ ಅಕ್ಕಿ ಮಿಲ್ಲಿನ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ ಬಿಸಿ ತೌಡಿನ ವಾಸನೆ ಬಂತು. ಅಡುಗೆಮನೆಯನ್ನೂ ದನದ ಕೊಟ್ಟಿಗೆಯನ್ನೂ ಒಟ್ಟಿಗೆ ನೆನಪಿಸುವ ವಾಸನೆ. ನನ್ನ ಬಾಯಿಂದ ತಾನಾಗಿಯೇ "ಓ" ಎಂದು ಬಂದುಬಿಟ್ಟಿತು. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದಳು. ಯಾರೂ ಕರೆದಿರಲಿಲ್ಲ. ನನ್ನಿಂದ ಹಾಗೆ "ಓ" ಎನ್ನಿಸುತ್ತಿದ್ದವಳು ತೀರಿಹೋಗಿ ಇಪ್ಪತ್ತು ವರ್ಷವಾಯಿತು.

ನನ್ನ ಮೊದಲ ಹೆಸರು ತೌಡಮ್ಮ. ನಗಬೇಡಿ, ನಿಮ್ಮ ಮನೆಯ ಹಳೆ ತಲೆಗಳಲ್ಲೂ ಒಬ್ಬ ತಿಪ್ಪಯ್ಯನೋ ಗುಂಡಮ್ಮನೋ ಇದ್ದೇ ಇರುತ್ತಾರೆ. ನನಗಿಂತ ಮೊದಲು ಹುಟ್ಟಿದ ಮೂವರೂ ವರ್ಷ ತುಂಬುವ ಮುಂಚೆಯೇ ತೀರಿಕೊಂಡಿದ್ದರು. ನಾನು ಹುಟ್ಟಿದ ಹನ್ನೊಂದನೆಯ ದಿನ ಅವ್ವ ನನ್ನನ್ನು ಮೊರದಲ್ಲಿ ಮಲಗಿಸಿ, ಹಿತ್ತಲ ತಿಪ್ಪೆಯ ಮೇಲಿಟ್ಟು, ಹಿಂದಿರುಗಿ ನೋಡದೆ ಒಳಗೆ ಬಂದಳಂತೆ. ಪಕ್ಕದ ಮನೆಯ ಸಿದ್ದವ್ವ, ಮಕ್ಕಳಿಲ್ಲದವಳು, "ಯಾರೋ ಬಿಸಾಕವ್ರೆ, ನಂಗೆ ಸಿಕ್ತು" ಎನ್ನುತ್ತ ಎತ್ತಿಕೊಂಡು ಬಂದು, ನಮ್ಮ ಬಾಗಿಲಲ್ಲೇ ಒಂದು ಸೇರು ತೌಡಿಗೆ ನನ್ನನ್ನು ಅವ್ವನಿಗೆ ಮಾರಿದಳು. ಅಷ್ಟು ಅಗ್ಗದ ಕೂಸನ್ನು ಯಮನೂ ಮುಟ್ಟುವುದಿಲ್ಲ, ಚೆಂದದ ಹೆಸರಿಟ್ಟರೆ ಅವನ ಕಣ್ಣು ಬೀಳುತ್ತದೆ ಎಂಬ ನಂಬಿಕೆ. ಇದನ್ನು ಯಾರಾದರೂ ಹೀಗಳೆದರೆ ನನಗೆ ಸಿಟ್ಟು ಬರುತ್ತದೆ. ಮೂರು ಕೂಸು ಕಳೆದುಕೊಂಡವಳ ಕೈಲಿ ಬೇರೇನಿತ್ತು? ಈಗ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತಾರೆ, ಸಂತೋಷವೇ. ಆದರೆ ನನ್ನ ಮೊಮ್ಮಗಳು ತಿಂಗಳು ತುಂಬದೆ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ಅವಳು ಮನೆಗೆ ಬರುವ ತನಕ ಹೆಸರಿನ ಮಾತೆತ್ತಲು ಮಗಳು ಯಾರಿಗೂ ಬಿಡಲಿಲ್ಲ. ಆ ಭಯ ನನಗೆ ಗುರುತಿನದೇ.

ಸಿದ್ದವ್ವ ಮಾರಿದ್ದೇನೋ ಮಾರಿದಳು, ಬಿಟ್ಟುಕೊಡಲಿಲ್ಲ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ತನ್ನ ಜಗಲಿಯಿಂದ "ತೌಡೀ" ಎಂದು ಇಡೀ ಬೀದಿಗೆ ಕೇಳುವಂತೆ ಕೂಗುವಳು. ನಾನು "ಓ" ಎನ್ನಬೇಕು. ಅಷ್ಟೇ, ಬೇರೆ ಕೆಲಸವೇನೂ ಇರುತ್ತಿರಲಿಲ್ಲ. ಕೂಸು ಇದೆ ಎಂದು ಅವಳಿಗೂ, ಅದು ತೌಡಿನ ಕೂಸೆಂದು ಯಮನಿಗೂ ಗೊತ್ತಾದರೆ ಸಾಕಿತ್ತು.

ಕನಕಪುರದ ಹೈಸ್ಕೂಲಿಗೆ ಸೇರುವಾಗ ನಾನು ಅತ್ತೂ ಕರೆದೂ ಹೆಸರನ್ನು ಸುಜಾತ ಎಂದು ಬರೆಸಿಕೊಂಡೆ. ಒಂದು ಸಂಜೆ ಹೊಸ ಗೆಳತಿಯರು ಮನೆಗೆ ಬಂದಿದ್ದಾಗ ಸಿದ್ದವ್ವ ಕೂಗಿದಳು. ಸುಮ್ಮನಿದ್ದೆ. ಎರಡು ಸಲ, ಮೂರು ಸಲ. ಆಮೇಲೆ ರಾಗಿ ಹಿಟ್ಟು ಮೆತ್ತಿದ ಕೈಯಲ್ಲೇ ಏದುಸಿರು ಬಿಡುತ್ತ ಓಡಿಬಂದು ನನ್ನ ಮುಖ, ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿದಳು.

"ಯಾಕವ್ವ ಓ ಅನ್ನಿಲ್ಲ? ನನ್ ಜೀವ ಹೋಗ್ಬುಟ್ಟಿತ್ತು."

ಗೆಳತಿಯರು ಮುಸಿಮುಸಿ ನಕ್ಕರು. "ಅದು ನನ್ ಹೆಸ್ರಲ್ಲ. ಹಂಗೆ ಕರೀಬ್ಯಾಡ" ಎಂದೆ. ನನ್ನ ಕೆನ್ನೆಗೆ ಅಂಟಿದ್ದ ಹಿಟ್ಟನ್ನು ಅವಳು ಸೆರಗಿನಿಂದ ಒರೆಸಿ ಹೊರಟುಹೋದಳು. ಮಾರನೆಯ ದಿನದಿಂದ ಕೂಗು ನಿಂತಿತು. ದೀಪದ ಹೊತ್ತಿಗೆ ಏನಾದರೊಂದು ನೆಪ ಹೂಡಿ ಬಂದು, ಬಾಗಿಲಲ್ಲಿ ಇಣುಕಿ, ನನ್ನನ್ನು ಕಂಡು ಹೋಗುತ್ತಿದ್ದಳು. ಅದು ನನಗೆ ಅರ್ಥವಾಗುವಷ್ಟರಲ್ಲಿ ನನಗೆ ಮದುವೆಯಾಗಿತ್ತು.

ಅವಳು ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ಊರಿಗೆ ಓಡಿದೆ. ಜಗಲಿಯ ಮೇಲೆ ಮಲಗಿದ್ದಳು, ಅಂಗೈಯಗಲದ ಮುಖ.

"ಸುಜಾತಮ್ಮ, ಬಂದ್ಯಾ?"

ಅವಳ ಬಾಯಲ್ಲಿ ಆ ಹೆಸರು ಇನ್ನೂ ನೀರಿಗೆ ಹಾಕದ ಸೀರೆಯ ಹಾಗೆ ಗರಿಗರಿಯಾಗಿತ್ತು. "ಒಂದ್ಸಲ ತೌಡಿ ಅಂತ ಕೂಗವ್ವ" ಎಂದೆ.

"ಇನ್ಯಾಕವ್ವ? ನೀನು ಬದುಕ್ಕಂಡ್ಯಲ್ಲ. ಆ ಹೆಸ್ರಿನ ಕೆಲ್ಸ ಮುಗೀತು" ಎಂದು ನಕ್ಕು ಕಣ್ಣು ಮುಚ್ಚಿಕೊಂಡಳು.

ಒಳಗೆ ಯಾರೋ ದೀಪ ಹಚ್ಚಿದರು. ಅವಳು ಕೂಗಲಿಲ್ಲ. ನಾನು ಎದ್ದು ನಿಂತು, ಇಡೀ ಬೀದಿಗೆ ಕೇಳುವಂತೆ, "ಓ" ಎಂದೆ.