ನನ್ನ ‘ಹೌದ್ರಿ’ಯನ್ನು ನಂಬದ ಕಣ್ಣಿನ ಡಾಕ್ಟರು

ಅವರ ಹೆಬ್ಬೆರಳು ಯಾವಾಗಲೂ ತಣ್ಣಗಿರುತ್ತಿತ್ತು, ಲವಂಗದ ವಾಸನೆ ಬರುತ್ತಿತ್ತು. ಅದರಿಂದ ನನ್ನ ರೆಪ್ಪೆ ಎತ್ತಿ ಹಿಡಿದು, ನಡುವೆ ತೂತಿದ್ದ ಪುಟ್ಟ ಕನ್ನಡಿಯಿಂದ ಕಣ್ಣಿಗೆ ಬೆಳಕು ಬಿಡುತ್ತಿದ್ದರು. ಯಾದಗಿರಿ ಸ್ಟೇಷನ್ ಹತ್ತಿರದ ಅವರ ದವಾಖಾನೆಯ ಕತ್ತಲೆ ಕೋಣೆಗೆ ಅಪ್ಪ ನನ್ನನ್ನು ಕರೆತಂದಾಗ ನನಗೆ ಏಳು ವರ್ಷ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸುರಪುರದ ನಮ್ಮ ಶಾಲೆಗೆ ಕಣ್ಣಿನ ತಪಾಸಣೆಗೆ ಬಂದ ಸರ್ಕಾರದವರೊಬ್ಬರು ಅವಸರದಲ್ಲಿ ನನ್ನ ಕಣ್ಣಿಗೆ ಒಂದಾದ ಮೇಲೊಂದು ಗಾಜು ಇಟ್ಟು, “ಚಂದ ಕಾಣತದ?” ಎಂದು ಕೇಳಿದ್ದರು. ಎಲ್ಲದಕ್ಕೂ ನಾನು “ಹೌದ್ರಿ” ಎಂದಿದ್ದೆ. ದೊಡ್ಡವರಿಗೆ ಇಲ್ಲ ಎನ್ನುವ ಧೈರ್ಯ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಎಲ್ಲಿತ್ತು! ಸಿಕ್ಕಿತು ದಪ್ಪ ಗಾಜಿನ ಚಷ್ಮಾ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಸರ್ಕಾರದ ಮಾತೆಂದರೆ ದೇವರ ಮಾತು. ಬೀಳದಿರಲೆಂದು ಅದನ್ನು ಲಾಡಿಯಿಂದ ನನ್ನ ತಲೆಗೆ ಬಿಗಿಯುತ್ತಿದ್ದರು. ಹಾಕಿಕೊಂಡರೆ ತಲೆ ಸಿಡಿಯುತ್ತಿತ್ತು, ತೆಗೆದರೆ ಬೈಗುಳ. ಬೋನಿಗೆ ಬಿದ್ದ ಇಲಿಯಂತಾಗಿದ್ದೆ. ನಾನು ಅತ್ತಾಗಲೆಲ್ಲ ಕಣ್ಣು ಇನ್ನಷ್ಟು ಕೆಟ್ಟಿತೆಂದೇ ಅಪ್ಪ ತಿಳಿದರು. “ಓದಿ ಓದಿ ಕುರುಡಿ ಆಗ್ತಿ. ಸಾಲಿ ಸಾಕು” ಎಂದುಬಿಟ್ಟರು. ಬಿಡಿಸುವ ಮುಂಚೆ ಕೊನೆಯದಾಗಿ ಈ ಡಾಕ್ಟರಿಗೆ ತೋರಿಸಲು ಬಂದಿದ್ದೆವು.

ಡಾಕ್ಟರು ನನ್ನ ಮೂಗಿನ ಮೇಲೆ ಒಂದು ಚೌಕಟ್ಟು ಕೂರಿಸಿದರು. “ಚಂದ ಕಾಣತದೇನು, ಬೇಟಿ?”

“ಹೌದ್ರಿ.”

ಏನೋ ಬದಲಿಸಿದಂತೆ ಮಾಡಿ, “ಈಗ?” ಎಂದರು.

“ಈಗೂ ಹೌದ್ರಿ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೌಕಟ್ಟಿನಲ್ಲಿ ಗಾಜೇ ಇರಲಿಲ್ಲ!

“ಸಣ್ಣ ಹುಡುಗರ ಬಾಯಿ ನಂಬಬಾರದ್ರಿ,” ಎಂದು ಅಪ್ಪನಿಗೆ ಹೇಳಿದರು. “ಅವರ ಕಣ್ಣೂ ಹಂಗ. ನಾವು ನಂಬರ ಅಳಿಯೂಮುಂದ ಬಿಗಿ ಹಿಡಕೊಂಡು ಸುಳ್ಳು ಹೇಳ್ತಾವ. ಮುಲಾಮು ಹಚ್ಚಿ ಸಡಿಲ ಮಾಡಿ ಆಮ್ಯಾಲ ನೋಡಬೇಕು.”

ಮೂರು ದಿನ ಮುಲಾಮು. ಬಿಸಿಲು ಚುಚ್ಚುತ್ತದೆಂದು ಮನೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ನನ್ನನ್ನು ಒಳಗೇ ಕೂರಿಸಿದರು. ಕೈಯಲ್ಲಿದ್ದ ರೊಟ್ಟಿಯೂ ಮಸುಕು. ನಿಜವಾಗಿಯೂ ಕುರುಡಿಯಾದೆನೆಂದು ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ಎಷ್ಟು ಸಮಾಧಾನ ಹೇಳಿದರೂ ನಂಬಲಿಲ್ಲ.

ಮರಳಿ ಹೋದಾಗ ಡಾಕ್ಟರು ನನ್ನನ್ನು ಏನೂ ಕೇಳದೆ ಕನ್ನಡಿಯ ಬೆಳಕಿನಿಂದಲೇ ಅಳೆದರು, ಚಹಾ ಕುಡಿದು ಬಂದು ಮತ್ತೆ ಅಳೆದರು. “ಎರಡೂ ಸಲ ಒಂದ ಬರಬೇಕು. ಇಲ್ಲಂದ್ರ ನನ್ನೂ ನಂಬಬ್ಯಾಡ್ರಿ” ಎಂದರು. ಎರಡೂ ಸಲ ಒಂದೇ ಬಂತು. “ಕಣ್ಣು ನೆಟ್ಟಗದಾವ. ಚಷ್ಮಾ ಬ್ಯಾಡ. ಮುಲಾಮು ಇಳದ ಮ್ಯಾಲ ಸಾಲಿಗೆ ಕಳಸ್ರಿ.”

ಅಪ್ಪ ಒಪ್ಪಲಿಲ್ಲ. “ಸರ್ಕಾರದವರು ಕೊಟ್ಟಾರಲ್ರಿ, ಡಾಕ್ಟರ್ ಸಾಬ್?”

“ಹಂಗಾದ್ರ ನೀವ ಹಾಕ್ಕೋರಿ!” ಎಂದವರೇ ಚಷ್ಮಾವನ್ನು ಅಪ್ಪನ ತಲೆಗೆ ಲಾಡಿಯಿಂದ ಬಿಗಿದುಬಿಟ್ಟರು. “ಈಗ ಆ ಗೋಡಿ ಮ್ಯಾಲಿನ ಅಕ್ಷರ ಓದ್ರಿ.” ಅಪ್ಪ ಓದಲು ತಿಣುಕಿದರು. ಬೆಂಚಿಗೆ ಎಡವಿ, ತಲೆ ಹಿಡಿದು ಕುಳಿತರು. ಆಮೇಲೆ ನನ್ನ ಕಡೆ ನೋಡಿದರು. ಕೆಲವು ದಿನಗಳಾದ ಮೇಲೆ ತಾವೇ ನನ್ನನ್ನು ಶಾಲೆಗೆ ಬಿಟ್ಟುಬಂದರು.

ಡಾಕ್ಟರು ತೀರಿಹೋದಾಗ ನಾನು ಶಹಾಪುರದಲ್ಲಿ ಶಿಕ್ಷಕಿ. ಅಪ್ಪ ಬಸ್ಸು ಹತ್ತಿ ಬಂದು ನನ್ನ ತರಗತಿಯ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದರು. “ಆ ಮನುಷ್ಯಾ ಇರದಿದ್ರ ನಿನ್ನ ಸಾಲಿ ಬಿಡಿಸಿ ಮನ್ಯಾಗ ಕೂಡಿಸಿಬಿಡ್ತಿದ್ದೆ, ಯವ್ವಾ” ಎಂದು ಮಕ್ಕಳೆದುರೇ ಅತ್ತರು.